ಬಗ್ಗೆ, ಜೊತೆ, ಮೇಲೆ: ನನ್ನ ಇಂಗ್ಲಿಷ್ ಎಡವಿದ ಜಾಗಗಳು

ಹತ್ತನೇ ತರಗತಿವರೆಗೂ ನಾನು ಓದಿದ್ದು ಕನ್ನಡ ಮಾಧ್ಯಮ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪತ್ರದ ಕರಡಿನಲ್ಲಿ 'ವಿ ಡಿಸ್ಕಸ್ಡ್ ಅಬೌಟ್ ದ ಬಿಲ್' ಅಂತ ಬರೆದಿದ್ದೆ. ಸೀನಿಯರ್ ಮೇಡಂ 'ಅಬೌಟ್' ಹೊಡೆದುಹಾಕಿ ವಾಪಸ್ ಕೊಟ್ಟರು. ಯಾಕೆ ಮೇಡಂ ಅಂದರೆ, "ಅದು ಅಲ್ಲಿ ಬರಲ್ಲ ಕಣಪ್ಪ, ಅಷ್ಟೇ" ಅಂದರು.

ಕಾರಣ ಹೊಳೆದದ್ದು ಎಷ್ಟೋ ದಿನದ ಮೇಲೆ. ನಾವು ಬಿಲ್ಲಿನ 'ಬಗ್ಗೆ' ಚರ್ಚಿಸುತ್ತೇವಲ್ಲ, ಆ 'ಬಗ್ಗೆ'ಯೇ ಅಬೌಟ್ ಆಗಿ ನುಸುಳಿತ್ತು. ತಮಾಷೆಯೆಂದರೆ 'ಡಿಸ್ಕಷನ್ ಅಬೌಟ್' ಸರಿ. ನಾಮಪದಕ್ಕೆ ಅದು ಒಗ್ಗುತ್ತದೆ, ಕ್ರಿಯಾಪದಕ್ಕೆ ಒಗ್ಗುವುದಿಲ್ಲ. 'ರಿಕ್ವೆಸ್ಟ್ ಫಾರ್ ಲೀವ್' ಎಂಬ ತಲೆಬರಹ ಸರಿ, ಆದರೆ ಒಳಗೆ 'ಐ ರಿಕ್ವೆಸ್ಟೆಡ್ ಲೀವ್' ಅಂತಲೇ ಬರೆಯಬೇಕು.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಕನ್ನಡದ ವಾಕ್ಯ, ದಾರಿ ತಪ್ಪಿಸುವ ಪದಕ್ಕೋ ಪ್ರತ್ಯಯಕ್ಕೋ ಕೆಂಪು ಗೆರೆ. ಬಲಗಡೆ ಇಂಗ್ಲಿಷಿನ ಪೂರ್ತಿ ವಾಕ್ಯ, ಬಿಡಿ ಪದವಲ್ಲ. ಅವಳ 'ಜೊತೆ' ಮದುವೆಯಾದರೂ 'ಮ್ಯಾರೀಡ್ ವಿತ್' ಅಲ್ಲ, 'ಮ್ಯಾರೀಡ್ ಟು'. ಅವನ 'ಮೇಲೆ' ಸಿಟ್ಟು ಬಂದರೂ 'ಆಂಗ್ರಿ ವಿತ್'. ನನ'ಗೆ' ಹೇಳು ಎನ್ನುವಾಗ 'ಟೆಲ್ ಮಿ'ಯಲ್ಲಿ ಟು ಇಲ್ಲ, 'ಎಕ್ಸ್‌ಪ್ಲೇನ್ ಟು ಮಿ'ಯಲ್ಲಿ ಇದೆ. ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಬಾಯಿಪಾಠ ಮಾಡಿದ್ದ ನನಗೆ ಇದು ಅನ್ಯಾಯ ಅನ್ನಿಸಿತ್ತು!

'ಕೇಳು' ಒಂದಕ್ಕೇ ಇಡೀ ಪುಟ ಹೋಯಿತು. ಹಾಡು ಕೇಳಿದರೆ 'ಲಿಸನ್ ಟು'. ಗೋಡೆಯಾಚೆ ಸದ್ದು ಕೇಳಿಸಿದರೆ ಬರೀ 'ಹಿಯರ್'. ಸಾಲ ಕೇಳಿದರೆ 'ಆಸ್ಕ್ ಫಾರ್'. ಅವನ ಹತ್ತಿರ ದಾರಿ ಕೇಳಿದರೆ 'ಆಸ್ಕ್ ಹಿಮ್ ದ ವೇ'. ಅಲ್ಲಿ 'ಆಸ್ಕ್ ಟು ಹಿಮ್' ಅಂದೆವೋ, ಕೆಟ್ಟೆವು. ನಾನು ವರ್ಷಗಟ್ಟಲೆ 'ಲಿಸನ್ ಮಿ' ಅಂತಲೇ ಮಾತು ಶುರು ಮಾಡುತ್ತಿದ್ದವನು. ಯಾರೂ ತಿದ್ದಲಿಲ್ಲ, ಎದುರಿಗಿದ್ದವರೂ ಹಾಗೇ ಅನ್ನುತ್ತಿದ್ದರು.

ಪಟ್ಟಿ ಉರು ಹೊಡೆಯುವುದನ್ನು ಮೊದಲು ಮಾಡಿ ನೋಡಿದ್ದೆ, ಮೂರು ದಿನಕ್ಕೆ ಎಲ್ಲ ಕಲಸುಮೇಲೋಗರ. ಈಗ ಬಸ್ಸಿಗೆ ಕಾಯುವಾಗ ಒಂದೇ ವಾಕ್ಯ, ಒಂದೇ ಉಸಿರಿಗೆ: 'ಐ ಆ್ಯಮ್ ವೇಟಿಂಗ್ ಫಾರ್ ದ ಬಸ್'. ಬಸ್ ಬರುವಷ್ಟರಲ್ಲಿ ಅದು ನಾಲಿಗೆಗೆ ಕೂತಿರುತ್ತದೆ.

ನಿಭಾಯಿಸುವುದು ಎನ್ನಲು ಬಳಸುವ 'ಕೋಪ್ ಅಪ್ ವಿತ್' ಎಂಬುದರ ಎಡಗಡೆ ಮಾತ್ರ ಇನ್ನೂ ಖಾಲಿ. ಅದರಲ್ಲಿ ಕನ್ನಡದ ತಪ್ಪೇನೂ ಇಲ್ಲ, ಆಫೀಸಿನಲ್ಲಿ ಎಲ್ಲರ ಬಾಯಲ್ಲಿ ಕೇಳಿ ಕೇಳಿ ಅಂಟಿಕೊಂಡದ್ದು. ಈಗಲೂ ಮೊದಲು ಹಾಗೇ ಬರೆಯುತ್ತೇನೆ, ಆಮೇಲೆ 'ಅಪ್' ಅಳಿಸುತ್ತೇನೆ.