ಕಬ್ ಕೆಡೆಟ್ 122: ಹಳೇ ಸ್ಟಾರ್ಟರ್-ಜನರೇಟರ್ ಕೀಳದೆಯೇ ಚಾರ್ಜಿಂಗ್ ಸರಿಮಾಡಿದ ಅನುಭವ

ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಹಳೇ ಕಬ್ ಕೆಡೆಟ್ (ತೋಟದ ಪುಟ್ಟ ಟ್ರಾಕ್ಟರ್) ಇಟ್ಟುಕೊಂಡವರಿಗೆಲ್ಲ ಸಿಗುವ ಸಲಹೆ ಒಂದೇ: ಸ್ಟಾರ್ಟರ್-ಜನರೇಟರ್ ಬಿಸಾಕಿ, ಫ್ಲೈವೀಲ್ ಕೆಳಗೆ ಸ್ಟೇಟರ್ (ಚಾರ್ಜ್ ಮಾಡುವ ಸುರುಳಿ) ಇರುವ ಎಂಜಿನ್ ಕೂರಿಸಿ. ನಾನು ಕೇಳಲಿಲ್ಲ. ಡೆಲ್ಕೊ-ರೆಮಿಯ ಅದೇ ಹಳೇ ಡಬ್ಬ ಎರಡು ಬೇಸಿಗೆಯಿಂದ ಎಂಜಿನ್ನೂ ತಿರುಗಿಸುತ್ತಿದೆ, ಬ್ಯಾಟರಿಯನ್ನೂ ತುಂಬಿಸುತ್ತಿದೆ. ಖರ್ಚಾದದ್ದು ಹೆಚ್ಚುಕಡಿಮೆ 130 ಡಾಲರ್. ಅದರಲ್ಲಿ 70 ಶುದ್ಧ ದಂಡ.

ದಂಡ ತೆತ್ತದ್ದು ಜನರೇಟರಿನ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರಿಗೆ. ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಎಂಜಿನ್ ಅರ್ಧ ಥ್ರಾಟಲ್‌ನಲ್ಲಿ ಓಡುವಾಗ ಜನರೇಟರಿನ ಎಫ್ (ಫೀಲ್ಡ್, ಅಂದರೆ ಒಳಗೆ ಕಾಂತ ಹುಟ್ಟಿಸುವ ಸುರುಳಿ) ಟರ್ಮಿನಲ್ಲನ್ನು ವೈರಿನಿಂದ ಎರಡೇ ಸೆಕೆಂಡು ಗಾಡಿಯ ಲೋಹದ ಬಾಡಿಗೆ ಮುಟ್ಟಿಸಿದೆ. ಬ್ಯಾಟರಿಯ ಮೇಲೆ 12.3 ಇದ್ದ ವೋಲ್ಟೇಜ್ 15ರ ಹತ್ತಿರ ಜಿಗಿಯಿತು. ಜನರೇಟರ್ ಚೆನ್ನಾಗಿದೆ, ರೆಗ್ಯುಲೇಟರ್ ಸತ್ತಿದೆ ಎಂದು ಹೊಸದು ತಂದೆ. ಅದೇ ಕಥೆ. ಇನ್ನೊಂದು ತಂದೆ. ಆಗಲೂ ಅದೇ. ಈ ಪರೀಕ್ಷೆ ಹೇಳುವುದು ಎಫ್‌ನಿಂದ ಆಚೆ ಎಲ್ಲೋ ತೊಂದರೆ ಇದೆ ಎಂದಷ್ಟೇ. ರೆಗ್ಯುಲೇಟರೇ ಕೆಟ್ಟಿದೆ ಎಂದಲ್ಲ. ಫೀಲ್ಡ್ ಕರೆಂಟು ರೆಗ್ಯುಲೇಟರ್ ಪಾಯಿಂಟ್ (ತೆರೆದು ಮುಚ್ಚುವ ಸಂಪರ್ಕ) ಹಾದು, ಅದರ ತಳದ ತಗಡಿನ ಮೂಲಕ ಬಾಡಿ ಸೇರಬೇಕು. ತಗಡಿನಡಿ ಬಣ್ಣ, ಬೋಲ್ಟಿನಡಿ ತುಕ್ಕು. ಎಂಜಿನ್ ಓಡುವಾಗ ರೆಗ್ಯುಲೇಟರ್ ತಳಕ್ಕೂ ಬ್ಯಾಟರಿ ನೆಗೆಟಿವ್‌ಗೂ ಮೀಟರ್ ಹಿಡಿದರೆ 0.1 ವೋಲ್ಟ್ ಒಳಗಿರಬೇಕಾದದ್ದು ಒಂದು ವೋಲ್ಟ್ ದಾಟಿತ್ತು. ಬಣ್ಣ ಕೆರೆದು, ರೆಗ್ಯುಲೇಟರ್ ತಳದಿಂದ ಜನರೇಟರ್ ಬಾಡಿಗೂ ಅಲ್ಲಿಂದ ಬ್ಯಾಟರಿ ನೆಗೆಟಿವ್‌ಗೂ ಬೇರೆ ವೈರ್ ಎಳೆದೆ. ಮೊದಲಿನ ಹಳೇ ರೆಗ್ಯುಲೇಟರೇ ಚಾರ್ಜ್ ಮಾಡಿತು! ಈಗ ಅದೇ ಗಾಡಿಯಲ್ಲಿದೆ.

ಜನರೇಟರನ್ನು ಬಿಚ್ಚಿದ್ದು ಆಮೇಲೆ. ಬ್ರಶ್ ಉಜ್ಜುವ ತಾಮ್ರದ ಉರುಳೆಯಾದ ಕಮ್ಯುಟೇಟರಿನಲ್ಲಿ ತೋಡು ಬಿದ್ದಿತ್ತು, ಲೇತ್‌ನಲ್ಲಿ ಹೊಡೆಸಲು 30 ಡಾಲರ್. ಬ್ರಶ್, ಬೇರಿಂಗ್ ಸೇರಿ ಸುಮಾರು 25. ಉಳಿದದ್ದು ವೈರಿಗೆ, ಬೆಲ್ಟಿಗೆ. ಲೇತ್ ಕೆಲಸದ ನಂತರ ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರದ ಸಮಕ್ಕೆ ಬಂದಿರುತ್ತದೆ. ಹ್ಯಾಕ್ಸಾ ಬ್ಲೇಡನ್ನು ತೆಳ್ಳಗೆ ತೇಯ್ದು, ಮೈಕಾವನ್ನು ಮುಕ್ಕಾಲು ಮಿಲಿಮೀಟರಿನಷ್ಟು ಕೆಳಗಿಳಿಸಲೇಬೇಕು. ಇಲ್ಲದಿದ್ದರೆ ಬ್ರಶ್ ಕುಪ್ಪಳಿಸಿ ಕಿಡಿ ಹಾರಿಸುತ್ತದೆ. ಕಮ್ಯುಟೇಟರಿಗೆ ಎಮರಿ ಬೇಡ, ಅದರ ಕಣ ಕರೆಂಟು ಹಾಯಿಸುತ್ತದೆ. ನಯವಾದ ಉಪ್ಪುಕಾಗದ ಸಾಕು. ಜೋಡಿಸಿದ ಮೇಲೆ ಬೆಲ್ಟ್ ಹಾಕುವ ಮುನ್ನ ಎಫ್ ಅನ್ನು ಜನರೇಟರಿನ ಬಾಡಿಗೆ ಜೋಡಿಸಿ, ಎ (ಆರ್ಮೇಚರ್, ತಿರುಗುವ ಭಾಗ) ಟರ್ಮಿನಲ್ಲಿಗೆ 12 ವೋಲ್ಟ್ ಕೊಡಿ. ಮೋಟರಿನ ಹಾಗೆ ಒಂದೇ ಸಮನೆ ತಿರುಗಬೇಕು. ತಡವರಿಸಿದರೆ ಮತ್ತೆ ಬಿಚ್ಚಿ.

ಬೆಲ್ಟ್ ಹೆಬ್ಬೆರಳಿಗೆ ಅರ್ಧ ಇಂಚು ಬಗ್ಗಬೇಕು. ಸಡಿಲವಾದರೆ ಸ್ಟಾರ್ಟಿಂಗ್‌ನಲ್ಲಿ ಜಾರಿ ಗಾಜಿನಂತೆ ಹೊಳಪೇರುತ್ತದೆ, ಬಿಗಿಯಾದರೆ ಮುಂದಿನ ಬೇರಿಂಗ್ ಹೋಗುತ್ತದೆ.

ಎಂಜಿನ್ ತಿರುಗಲು ಒದ್ದಾಡಿದರೆ ಎಲ್ಲರೂ ಬಯ್ಯುವುದು ಸ್ಟಾರ್ಟರ್-ಜನರೇಟರನ್ನೇ. ಈ ಗಾಡಿಯ ಎಂಜಿನ್ ಕೋಹ್ಲರ್ ಕೆ301ರಲ್ಲಿ ಸ್ಟಾರ್ಟಿಂಗ್ ಹೊತ್ತಿಗೆ ಎಕ್ಸಾಸ್ಟ್ ವಾಲ್ವನ್ನು ಚೂರೇ ಎತ್ತಿ ಕಂಪ್ರೆಶನ್ ಇಳಿಸುವ ಏರ್ಪಾಡಿದೆ. ವಾಲ್ವ್ ಗ್ಯಾಪ್ ಜಾಸ್ತಿಯಾದರೆ ಆ ಎತ್ತುವಿಕೆ ವಾಲ್ವಿಗೆ ತಲುಪುವುದೇ ಇಲ್ಲ. ಗ್ಯಾಪ್ ಸರಿಮಾಡಿದ ದಿನವೇ ನನ್ನದರ ಅರ್ಧ ಒದ್ದಾಟ ನಿಂತಿತು. ಸ್ಟಾರ್ಟರಿಗೆ ದುಡ್ಡು ಸುರಿಯುವ ಮುನ್ನ ಇದನ್ನು ನೋಡಿ, ದಯವಿಟ್ಟು.

ಈಗ ಸ್ಟಾರ್ಟ್ ಆದ ಕೂಡಲೇ ಆಂಪಿಯರ್ ಮೀಟರ್ 8–9ಕ್ಕೆ ಹೋಗಿ, ಹತ್ತು ನಿಮಿಷದಲ್ಲಿ 2ಕ್ಕಿಳಿಯುತ್ತದೆ. ವೋಲ್ಟೇಜ್ 14.2 ಇರಬಹುದು. ಐಡಲ್‌ನಲ್ಲಿ ಚಾರ್ಜ್ ಇಲ್ಲ, ಅದು ರೋಗವಲ್ಲ. ರೆಗ್ಯುಲೇಟರ್ ಸ್ಪ್ರಿಂಗ್ ಕೊಂಡಿಯನ್ನು ಯಾವ ಕಡೆಯಿಂದ, ಎಷ್ಟು ಬಗ್ಗಿಸಿ ಈ 14.2 ಹಿಡಿದೆ ಎಂಬುದನ್ನು ಬರೆಯುವುದಿಲ್ಲ. ಎದುರಿಗೆ ತೋರಿಸಬಹುದು, ಬರೆದರೆ ಪಾಯಿಂಟ್ ಮುರಿದುಕೊಳ್ಳುವವರೇ ಹೆಚ್ಚು.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಕರೆಂಟು ಬ್ಯಾಟರಿಯಿಂದ ಜನರೇಟರಿಗೆ ಹಿಂದೆ ಹರಿಯದಂತೆ ತಡೆಯುವ ಕಟೌಟ್ ಪಾಯಿಂಟ್ ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿ ಜನರೇಟರಿಗೆ ಸುರಿಯುತ್ತಲೇ ಇರುತ್ತದೆ. ಅದಕ್ಕೇ ಕಟೌಟ್ ಜಾಗದಲ್ಲಿ ಒಂದೇ ದಿಕ್ಕಿಗೆ ಕರೆಂಟು ಬಿಡುವ ದಪ್ಪ ಶಾಟ್ಕಿ ಡಯೋಡ್ ಹಾಕಿದೆ. ಕೆಲಸವೇನೋ ಮಾಡಿತು. ಆದರೆ ಡಯೋಡ್ ಅರ್ಧ ವೋಲ್ಟ್ ನುಂಗಿತು, ಅಲ್ಯೂಮಿನಿಯಂ ತುಂಡಿಗೆ ಕೂರಿಸಿದರೂ ಕೈ ಇಡಲಾಗದಷ್ಟು ಕಾಯಿತು. ಕಿತ್ತು ಹಳೇ ಪಾಯಿಂಟನ್ನೇ ಸವರಿ ಹಾಕಿದ್ದೇನೆ.