ವರದಿಗೆ ಮೆಚ್ಚುಗೆ, ತಲೆಬರಹಕ್ಕೆ ತಕರಾರು

ಪತ್ರಿಕೆಗಳು ಹೆಣ್ಣುಮಕ್ಕಳ ಬಗ್ಗೆ ಬಳಸುವ ಭಾಷೆ ಕುರಿತು ಸಂಪಾದಕರಿಗೆ ಪತ್ರ ಬರೆಯುವುದು ನನ್ನ ಹಲವು ವರ್ಷಗಳ ರೂಢಿ. ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಎಂಬ ತಲೆಬರಹವನ್ನು ಕಾಣದ ಕನ್ನಡ ಓದುಗರು ವಿರಳ. ಕೊಂದವನು ಹೇಳಿದ ಕಾರಣವನ್ನೇ ಎಲ್ಲಕ್ಕಿಂತ ಮೊದಲು ಅಚ್ಚು ಮಾಡುವ ಈ ಪದ್ಧತಿಯಿಂದಲೇ ನನ್ನ ತಕರಾರು ಆರಂಭವಾಯಿತು.

ಮೊದಮೊದಲು ನಾನು ಹೊಗಳಿಕೆಯಿಂದ ಶುರುಮಾಡಿ, ನಡುವೆ ಆಕ್ಷೇಪವನ್ನಿಟ್ಟು, ಮತ್ತೆ ಹೊಗಳಿ ಮುಗಿಸುತ್ತಿದ್ದೆ. ಒಂದು ಪತ್ರಿಕೆ ಅಂಥ ಪತ್ರದ ಮೊದಲ ಮತ್ತು ಕೊನೆಯ ಭಾಗಗಳನ್ನು ಮಾತ್ರ ಪ್ರಕಟಿಸಿತು. ಓದಿದವರಿಗೆ ಅದು ಅಭಿಮಾನಿಯೊಬ್ಬರ ಅಭಿನಂದನೆಯಂತೆಯೇ ಕಂಡಿರಬೇಕು. ಸಿಟ್ಟಿನಿಂದ, ಅದೇ ಪತ್ರಿಕೆಯಲ್ಲಿ ಇಂಥದೇ ತಲೆಬರಹ ಹೊತ್ತು ಬಂದ ವರದಿಯೊಂದರ ಬಗ್ಗೆ ಬರೆದ ಮುಂದಿನ ಪತ್ರದಲ್ಲಿ ಮೆಚ್ಚುಗೆಯನ್ನು ಪೂರ್ತಿಯಾಗಿ ಕೈಬಿಟ್ಟೆ. ಆಗ ಆ ವರದಿ ಬರೆದಿದ್ದ ಯುವತಿಯೇ ಫೋನ್ ಮಾಡಿ, “ಮೇಡಂ, ತಲೆಬರಹ ನಂದಲ್ಲ, ಡೆಸ್ಕಿನ ಉಪಸಂಪಾದಕರು ಕೊಟ್ಟಿದ್ದು. ವರದಿಯಲ್ಲಿ ಶೀಲ ಅನ್ನೋ ಮಾತು ಎಲ್ಲಾದರೂ ಇದೆಯಾ, ನೋಡಿ” ಎಂದರು. ಎಲ್ಲಿಯೂ ಇರಲಿಲ್ಲ. ಕೊಲೆಯಾದ ಮಹಿಳೆ ಅದಕ್ಕೆ ಮೊದಲೇ ಎರಡು ಸಲ ಠಾಣೆಗೆ ದೂರು ಕೊಟ್ಟಿದ್ದ ಸಂಗತಿಯನ್ನು ಅವರು ಹುಡುಕಿ ತೆಗೆದು ಬರೆದಿದ್ದರು. ನಾನು ತಲೆಬರಹವನ್ನು ಓದಿಯೇ ಕೆರಳಿದ್ದೆ.

ಅಂದಿನಿಂದ ಪತ್ರ ಬರೆಯುವ ಮೊದಲು ವರದಿ, ತಲೆಬರಹ, ಚಿತ್ರ, ಚಿತ್ರದ ಕೆಳಗಿನ ಸಾಲು ಇವುಗಳನ್ನು ಬೇರೆಬೇರೆಯಾಗಿ ಓದುತ್ತೇನೆ, ಏಕೆಂದರೆ ಇವು ಒಂದೇ ಕೈಯಿಂದ ಬಂದಿರುವುದಿಲ್ಲ. ಮೆಚ್ಚುವುದಾದರೆ ಯಾವ ವಾಕ್ಯವನ್ನು ಏಕೆ ಮೆಚ್ಚಿದೆ ಎಂದು, ಆಕ್ಷೇಪಿಸುವಾಗ ಹೇಳುವಷ್ಟೇ ಖಚಿತವಾಗಿ ಹೇಳುತ್ತೇನೆ. ‘ನಿಮ್ಮ ಪತ್ರಿಕೆಯ ಸೇವೆ ಶ್ಲಾಘನೀಯ’ ಎಂಬ ಸಾಲನ್ನು ಈಗ ಬರೆಯುವುದಿಲ್ಲ. ಕತ್ತರಿ ಹಾಕುವವರಿಗೆ ಬೇಕಾಗುವುದು ಇಂಥ ಸಾಲುಗಳೇ. ಲೈಂಗಿಕ ದೌರ್ಜನ್ಯಕ್ಕೊಳಗಾದವರ ಹೆಸರನ್ನು ಮರೆಮಾಚಿದ್ದಕ್ಕೂ ನಾನು ಹೊಗಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅದು ಪತ್ರಿಕೆ ಪಾಲಿಸಲೇಬೇಕಾದ ಕಾನೂನು.

ಕ್ಷಮೆ ಕೇಳಿದವರನ್ನು ಎಷ್ಟು ಮೆಚ್ಚಬೇಕು ಎಂಬುದು ಇದಕ್ಕಿಂತ ಸೂಕ್ಷ್ಮ. 2016ರಲ್ಲಿ ಟಿ.ವಿ. ಪತ್ರಕರ್ತ ರಾಜದೀಪ್ ಸರ್ದೇಸಾಯಿ ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಅವರನ್ನು ಸಂದರ್ಶಿಸುತ್ತಾ, ತಾಯ್ತನವನ್ನೂ ಸೇರಿಸಿ, ಬದುಕಿನಲ್ಲಿ ನೆಲೆಗೊಳ್ಳುವುದು ಯಾವಾಗ ಎಂದು ಕೇಳಿದರು. ವಿಶ್ವದ ಅಗ್ರಸ್ಥಾನಕ್ಕೇರಿದರೂ ಹೆಣ್ಣು ನೆಲೆಗೊಂಡಂತಲ್ಲವೇ ಎಂಬ ಅರ್ಥದಲ್ಲಿ ಸಾನಿಯಾ ಉತ್ತರಿಸಿದಾಗ, ಸರ್ದೇಸಾಯಿ ಆ ಕಾರ್ಯಕ್ರಮದಲ್ಲಿಯೇ ಕ್ಷಮೆ ಕೇಳಿ, ಪುರುಷ ಕ್ರೀಡಾಪಟುವಿಗೆ ಈ ಪ್ರಶ್ನೆ ಕೇಳುತ್ತಿರಲಿಲ್ಲ ಎಂದು ಒಪ್ಪಿಕೊಂಡರು. ಅದು ದೊಡ್ಡತನವೆಂದು ನಾನು ಇಂದಿಗೂ ಹೇಳುತ್ತೇನೆ. ಆದರೆ ಆ ಪ್ರಸಂಗವನ್ನು ನೆನೆಯುವಾಗ ಕ್ಷಮೆಯ ಕಥೆಯೇ ಹಿಗ್ಗಿ, ಪ್ರಶ್ನೆ ತಿರುಗಿಸಿದ ಆಟಗಾರ್ತಿ ಬದಿಗೆ ಸರಿಯಬಾರದಲ್ಲವೇ?

ಪದಗಳ ವಿಚಾರದಲ್ಲಿ ವಾದ ಮಾಡುವುದಕ್ಕಿಂತ ಬದಲಿ ಪದ ಸೂಚಿಸುವುದು ಹೆಚ್ಚು ಫಲ ಕೊಟ್ಟಿದೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಲಿಂಗ ಸಂಬಂಧಿ ಪೂರ್ವಗ್ರಹಗಳ ಕೈಪಿಡಿ, ‘ಈವ್ ಟೀಸಿಂಗ್’ ಎನ್ನುವ ಬದಲು ಬೀದಿಯಲ್ಲಿ ನಡೆಯುವ ಲೈಂಗಿಕ ಕಿರುಕುಳ ಎನ್ನಬೇಕೆಂದು ಹೇಳುತ್ತದೆ. ನಮ್ಮ ‘ಚುಡಾಯಿಸಿದ’ ಎಂಬ ಪದಕ್ಕೂ ಇದೇ ಮಾತು ಸಲ್ಲುತ್ತದೆ.

ಕಳೆದ ವರ್ಷ ಅದೇ ಪತ್ರಿಕೆಯಲ್ಲಿ ‘ಪತ್ನಿಯ ಕೊಲೆ: ಪತಿಯ ಬಂಧನ’ ಎಂಬ ತಲೆಬರಹ ಬಂತು. ಅದೇ ದಿನ ಡೆಸ್ಕಿಗೆ ಎರಡು ಸಾಲಿನ ಕಾರ್ಡು ಬರೆದೆ. ಅದರಲ್ಲಿ ಮೆಚ್ಚುಗೆಯ ಹೊರತು ಬೇರೇನೂ ಇರಲಿಲ್ಲ. ಆದರೆ ಆ ವರದಿಯಲ್ಲಿ ಬಂಧಿತ ಗುತ್ತಿಗೆದಾರರು ‘ತಿಳಿಸಿದ್ದಾರೆ’, ಸತ್ತ ಶಿಕ್ಷಕಿ ‘ಹೋಗಿದ್ದಳು’. ಬಹುವಚನದ ಈ ಹಂಚಿಕೆಯನ್ನು ಮುಂದಿನ ವಾರದ ಪತ್ರಕ್ಕೆ ತೆಗೆದಿರಿಸಿದೆ.