ಎಟಿವಿಗೆ ಹೊಸ ಸೈಲೆನ್ಸರ್: ನಾನೇ ಕೂರಿಸಿದ ಅನುಭವ

ನನ್ನ ಎಟಿವಿಯ (ಕಾಡುಮೇಡಿನ ದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ) ಹಳೇ ಸೈಲೆನ್ಸರ್ ತುಕ್ಕು ತಿಂದು ಬೆಸುಗೆಯ ಹತ್ತಿರ ಬಿಟ್ಟುಕೊಂಡಿತ್ತು. ಎಂಜಿನ್‌ನಿಂದ ಹೊರಡುವ ಬೆಂಡ್ ಪೈಪೂ ತೆಳ್ಳಗಾಗಿತ್ತು. ಹಾಗಾಗಿ ಬರೀ ಹಿಂದಿನ ಸೈಲೆನ್ಸರ್ ಬದಲಿಸದೆ, ಬೇರೆ ತಯಾರಕರ ಪೂರ್ತಿ ಸೆಟ್ಟನ್ನೇ ತರಿಸಿ ಹಾಕಿದೆ.

ಆರಿಸುವಾಗ ನಾನು ಮೊದಲು ನೋಡಿದ್ದು ಸ್ಪಾರ್ಕ್ ಅರೆಸ್ಟರ್ ಇದೆಯೇ ಎಂದು. ಸೈಲೆನ್ಸರ್ ಬಾಯಲ್ಲಿ ಕೂರುವ ಸಣ್ಣ ಕಣ್ಣಿನ ಜಾಲರಿ ಅದು. ಸುಮಾರು 0.6 ಮಿಲಿಮೀಟರ್‌ಗಿಂತ ದೊಡ್ಡ ಕೆಂಡದ ಚೂರು ಹೊರಗೆ ಹಾರದಂತೆ ತಡೆಯುತ್ತದೆ. ಎಟಿವಿ ಓಡುವುದೇ ಒಣಹುಲ್ಲು, ತರಗೆಲೆಗಳ ನಡುವೆ. ಒಂದು ಕಿಡಿ ಸಾಕು, ಅಲ್ವಾ? ಆಮೇಲೆ ನೋಡಿದ್ದು ಸದ್ದು. ಜಾಸ್ತಿ ಗದ್ದಲ ಮಾಡುವ ಪೈಪಿಗೆ ಜಾಸ್ತಿ ಶಕ್ತಿ ಎಂಬ ನಂಬಿಕೆ ಬಹಳ ಜನರಿಗಿದೆ. ಅದು ನಿಜವಲ್ಲ. ಕಾಡಿನಲ್ಲಿ ಸದ್ದು ದೂರ ಹೋಗುತ್ತದೆ, ಪ್ರಾಣಿಗಳಿಗೂ ಜನರಿಗೂ ಕಿರಿಕಿರಿ. ನಾನು ಕಡಿಮೆ ಸದ್ದಿನದನ್ನೇ ತೆಗೆದುಕೊಂಡೆ.

ಈ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಕಾಗುವುದು ಹಳೆಯದನ್ನು ಬಿಚ್ಚುವಾಗ. ಬೆಂಡ್ ಪೈಪನ್ನು ಹಿಡಿದಿರುವ, ತಲೆಯಿಲ್ಲದ ಬೋಲ್ಟಿನಂಥ ಸ್ಟಡ್‌ಗಳು ಉಕ್ಕಿನವು, ಅವು ಕೂತಿರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ವರ್ಷಗಟ್ಟಲೆ ಕಾದು ಆರಿ ಅಲ್ಲಿನ ನಟ್‌ಗಳು ಕಚ್ಚಿಕೊಂಡಿರುತ್ತವೆ. ಜೋರು ಮಾಡಿದರೆ ಸ್ಟಡ್ ಮುರಿಯುತ್ತದೆ. ಆಮೇಲೆ ಅದನ್ನು ಕೊರೆದು ತೆಗೆಯುವುದು ದೊಡ್ಡ ತಲೆನೋವು. ಅದಕ್ಕೇ ನಾನು ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟೆ, ಬೆಳಿಗ್ಗೆ ಇನ್ನೊಮ್ಮೆ ಹೊಡೆದೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿದೆ. ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ ಮೇಲೆ ಬೇಗ ಜಾರುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿದೆ. ಅರ್ಧ ಸುತ್ತು ಹಿಂದಕ್ಕೆ, ಕಾಲು ಸುತ್ತು ಮುಂದಕ್ಕೆ, ಮತ್ತೆ ಎಣ್ಣೆ. ಹೀಗೆ ಮಾಡಿದರೆ ನಟ್ ತಾನಾಗಿ ದಾರಿ ಬಿಡುತ್ತದೆ.

ಸೈಲೆನ್ಸರನ್ನು ಬೆಂಡ್ ಪೈಪಿಗೆ ಎಳೆದು ಹಿಡಿದಿರುವ ಸ್ಪ್ರಿಂಗ್‌ಗಳಿಗೆ ಕೊಕ್ಕೆಯಿರುವ ಸ್ಪ್ರಿಂಗ್ ಎಳೆಯುವ ಸಾಧನ ಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದರೆ ತಪ್ಪಿಸಿಕೊಂಡು ಮುಖಕ್ಕೆ ಹಾರಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಈ ಕೆಲಸ ಮಾಡಿ.

ಪೈಪ್ ಕೆಳಗಿಳಿದ ಮೇಲೆ ಹೆಡ್‌ನ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದೆ. ಸಂದಿ ಮುಚ್ಚಲು ಇಡುವ ಹಳೇ ಗ್ಯಾಸ್ಕೆಟ್ ಮಸಿಯ ಜೊತೆ ಅಂಟಿಕೊಂಡು ಹೆಡ್‌ನ ಭಾಗವೇ ಎಂಬಂತೆ ಕಾಣುತ್ತಿತ್ತು. ಅದರ ಮೇಲೆಯೇ ಹೊಸದನ್ನು ಇಟ್ಟರೆ ಎರಡೂ ಸರಿಯಾಗಿ ಕೂರುವುದಿಲ್ಲ, ಗಾಳಿ ಸೋರುತ್ತದೆ. ಒಳಗೆ ಏನೂ ಬೀಳದಂತೆ ಬಟ್ಟೆ ತುರುಕಿ, ಅಲ್ಯೂಮಿನಿಯಂಗೆ ಗೀರು ಬೀಳದ ಹಾಗೆ ಮೆಲ್ಲಗೆ ಕೆರೆದು ತೆಗೆದೆ. ಹೊಸ ಗ್ಯಾಸ್ಕೆಟ್ ಜಾರಿ ಬೀಳದಿರಲು ಚೂರು ಗ್ರೀಸ್ ಸವರಿದರೆ ಸಾಕು. ಬಟ್ಟೆ ತೆಗೆಯಲು ಮಾತ್ರ ಮರೆಯಬಾರದು.

ಇನ್ನು ಜೋಡಣೆ. ಎಲ್ಲ ನಟ್, ಬೋಲ್ಟ್, ಕ್ಲ್ಯಾಂಪ್‌ಗಳನ್ನೂ ಮೊದಲು ಕೈಯಲ್ಲಷ್ಟೇ ತಿರುಗಿಸಿ, ಇಡೀ ಪೈಪನ್ನು ಸಡಿಲವಾಗಿ ತೂಗಾಡುವಂತೆ ಬಿಟ್ಟೆ. ಎಲ್ಲ ರಂಧ್ರಗಳೂ ಸಲೀಸಾಗಿ ಹೊಂದುವವರೆಗೆ ಸ್ಪ್ಯಾನರ್ ಮುಟ್ಟಲಿಲ್ಲ. ಹಿಂದಿನ ಬ್ರಾಕೆಟ್ ಕಾಲು ಇಂಚಿನಷ್ಟು ಆಚೆ ಇತ್ತು. ಸರಳು ಹಾಕಿ ಮೀಟುವ ಆಸೆ ಆಗುವುದು ಇಂಥ ಜಾಗದಲ್ಲೇ. ಹಾಗೆ ಮಾಡಲೇಬಾರದು. ಬಲವಂತವಾಗಿ ಎಳೆದು ಕಟ್ಟಿದ ಪೈಪಿನಲ್ಲಿ ಬಿಗುವು ಉಳಿಯುತ್ತದೆ. ಎಂಜಿನ್ ನಡುಗಿದಂತೆಲ್ಲ ಆ ಬಿಗುವು ಸ್ಟಡ್ ಮೇಲೋ ಬೆಸುಗೆ ಮೇಲೋ ಬೀಳುತ್ತದೆ. ಕೆಲವು ತಿಂಗಳಲ್ಲಿ ಒಂದು ಕಡೆ ಬಿರುಕು ಗ್ಯಾರಂಟಿ. ನಡುವಿನ ಪೈಪನ್ನು ಸ್ವಲ್ಪ ತಿರುಗಿಸಿದೆ, ಬ್ರಾಕೆಟ್ ತಾನಾಗಿ ಬಂದು ಕೂತಿತು.

ಆಮೇಲೆ ಬಿಗಿ ಮಾಡಿದ್ದು ಮುಂದಿನಿಂದ ಹಿಂದಕ್ಕೆ. ಮೊದಲು ಹೆಡ್‌ನ ನಟ್‌ಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಸ್ವಲ್ಪ ಸ್ವಲ್ಪವೇ, ಕೊನೆಯಲ್ಲಿ ಗಾಡಿಯ ಮ್ಯಾನ್ಯುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ. ನಂತರ ಸ್ಪ್ರಿಂಗ್, ಕ್ಲ್ಯಾಂಪ್. ಬ್ರಾಕೆಟ್ ಎಲ್ಲಕ್ಕಿಂತ ಕೊನೆಗೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ತಿರುಪಿನ ಎಳೆಗಳಿಗೆ ಮಾತ್ರ ಕಚ್ಚದಂತೆ ಆ್ಯಂಟಿ-ಸೀಜ್ ಹಚ್ಚಿದೆ, ಅದರ ತುದಿಗೆ ತಾಗಲು ಬಿಡಲಿಲ್ಲ.

ಪೈಪಿಗೂ ಪ್ಲಾಸ್ಟಿಕ್, ಬ್ರೇಕ್ ಹೋಸ್, ವೈರ್‌ಗಳಿಗೂ ಎಷ್ಟು ಅಂತರವಿದೆ ಎಂದು ಗಾಡಿ ಸುಮ್ನೆ ನಿಂತಿರುವಾಗ ನೋಡಿದರೆ ಸಾಲದು. ಗೆಳೆಯನನ್ನು ಹಿಂದೆ ಕೂರಿಸಿ ಸಸ್ಪೆನ್ಷನ್ ಒತ್ತಿಸಿ ನೋಡಿದೆ. ಚಕ್ರ ಮೇಲೆದ್ದಾಗ ಹೋಸ್ ಪೈಪಿನ ಹತ್ತಿರ ಬರುತ್ತಿತ್ತು. ಕ್ಲಿಪ್ ಹಾಕಿ ಅದನ್ನು ದೂರ ಕಟ್ಟಿದೆ. ಹಳೇ ಹೀಟ್ ಶೀಲ್ಡನ್ನೂ ಬಿಡದೆ ವಾಪಸ್ ಹಾಕಿದೆ.

ಸ್ಟಾರ್ಟ್ ಮಾಡುವ ಮೊದಲು ಪೈಪನ್ನು ಸ್ಪಿರಿಟ್‌ನಿಂದ ಒರೆಸಿ, ಅದು ಪೂರ್ತಿ ಆರುವ ತನಕ ಕಾದೆ. ಸ್ಟೀಲ್ ಮೇಲೆ ಬೆರಳಿನ ಎಣ್ಣೆ ಉಳಿದರೆ ಕಾದಾಗ ಕಲೆ ಕಾಯಂ ಆಗುತ್ತದೆ. ಗಾಡಿಯನ್ನು ಬಯಲಿಗೆ ತಂದೇ ಸ್ಟಾರ್ಟ್ ಮಾಡಿದೆ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಕುತ್ತು. ಮೊದಲ ಕೆಲವು ನಿಮಿಷ ತಯಾರಿಕೆಯ ಎಣ್ಣೆ ಸುಟ್ಟು ಹೊಗೆ ಬರುತ್ತದೆ, ಹೆದರಬೇಕಿಲ್ಲ. ಪೈಪ್ ಇನ್ನೂ ತಣ್ಣಗಿರುವಾಗಲೇ ಜೋಡಣೆಗಳ ಮೇಲೆ ಸೋಪು ನೀರು ಸಿಂಪಡಿಸಿದೆ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ ಎಂದರ್ಥ. ಒಮ್ಮೆ ಕಾಯಿಸಿ, ಪೂರ್ತಿ ಆರಿದ ಮೇಲೆ ಎಲ್ಲ ನಟ್‌ಗಳನ್ನೂ ಮತ್ತೆ ನೋಡಿದೆ. ಗ್ಯಾಸ್ಕೆಟ್ ಒತ್ತಿಕೊಂಡು ಹೆಡ್‌ನವು ಸ್ವಲ್ಪ ಸಡಿಲವಾಗಿದ್ದವು, ಮತ್ತೆ ಬಿಗಿ ಮಾಡಿದೆ.

ಓಡಿಸಿ ನೋಡಿದಾಗ ಥ್ರಾಟಲ್ ಬಿಟ್ಟೊಡನೆ ಪಟಪಟ ಸದ್ದು ಬರುತ್ತಿತ್ತು. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಜೋಡಣೆಯಲ್ಲಿ ಹೊರಗಿನ ಗಾಳಿ ನುಗ್ಗಿ ಉಳಿದ ಪೆಟ್ರೋಲ್ ಪೈಪಿನಲ್ಲೇ ಉರಿಯಬಹುದು, ಇಲ್ಲವೇ ಎಂಜಿನ್‌ಗೆ ಪೆಟ್ರೋಲ್ ಕಡಿಮೆ ಬೀಳುತ್ತಿರಬಹುದು. ಸೋರಿಕೆ ಇಲ್ಲವೆಂದು ಖಚಿತವಾಗಿದ್ದರಿಂದ ಎರಡನೆಯದೇ ಕಾರಣ. ಹೊಗೆ ಸಲೀಸಾಗಿ ಹೊರಬಿದ್ದರೆ ಒಳಗೆ ಗಾಳಿ ಹೆಚ್ಚು ಬರುತ್ತದೆ, ಪೆಟ್ರೋಲೂ ಅದಕ್ಕೆ ತಕ್ಕಂತೆ ಏರಬೇಕು. ಪೂರ್ತಿ ಉರಿಯಲು ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ತಣ್ಣಗಿರಲು ಗಾಳಿ 13ರ ಆಸುಪಾಸಿಗೆ ಇಳಿಯಬೇಕು. ಆಗ ಸಾಮಾನ್ಯವಾಗಿ ಸೆನ್ಸರ್ ನೆರವಿಗೆ ಬರುವುದಿಲ್ಲ, ಎಂಜಿನ್ನಿನ ಕಂಪ್ಯೂಟರ್ ತನ್ನ ಹಳೇ ಲೆಕ್ಕದಂತೆಯೇ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಆ ಲೆಕ್ಕ ತಿದ್ದುವ ಫ್ಯೂಯಲ್ ಕಂಟ್ರೋಲರ್ ಹಾಕಿ ಈ ಪೈಪಿಗೆಂದೇ ಮಾಡಿದ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ತುಂಬಿಸಿದೆ. ಕಾರ್ಬುರೇಟರ್ ಗಾಡಿಯಾದರೆ ಪೆಟ್ರೋಲ್ ಹಾಯುವ ತೂತು ದೊಡ್ಡದಿರುವ ಮೇನ್ ಜೆಟ್ ಹಾಕಬೇಕಾಗುತ್ತದೆ. ಸ್ವಲ್ಪ ದೂರ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ತುದಿ ತಿಳಿ ಕಂದು ಬಣ್ಣಕ್ಕಿತ್ತು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪು ಮಸಿ ಇದ್ದರೆ ಜಾಸ್ತಿಯಾಗಿದೆ.

ಈಗ ಪ್ರತಿ ಸಲ ಓಡಿಸಿ ಬಂದಾಗ, ಪೈಪ್ ಆರಿದ ಮೇಲೆ ಶೀಲ್ಡ್ ಸಂದಿಯ ಹುಲ್ಲು ಕೀಳುತ್ತೇನೆ. ಆಗಾಗ ಜಾಲರಿ ಬಿಚ್ಚಿ ಬ್ರಷ್‌ನಿಂದ ಮಸಿ ಉಜ್ಜುತ್ತೇನೆ, ಅದು ಕಟ್ಟಿಕೊಂಡರೆ ಗಾಡಿ ಎಳೆಯುವುದೇ ಇಲ್ಲ. ಸೈಲೆನ್ಸರ್ ಒಳಗಿನ ಗಾಜುನಾರಿನ ಪ್ಯಾಕಿಂಗ್ ಸುಟ್ಟುಹೋದಂತೆ ಸದ್ದು ಏರುತ್ತದೆ. ಆಗ ಬಿಚ್ಚಿ ಹೊಸ ಪ್ಯಾಕಿಂಗ್ ತುಂಬಬೇಕು.